ನಾರ್ಣಾಚಾರಿಯ ಇಳಿತದ ಮೆಟ್ಟಿಲು

ಬಹಳ ಹಿಂದಿನ ಮಾತು. ಎಷ್ಟು ಹಿಂದೆ ಎಂದು ನನ್ನನ್ನು ಕೇಳಬೇಡಿ, ನನಗೆ ಹೇಳಿದ ಅಜ್ಜಿಗೂ ಅವಳ ಅಜ್ಜಿ ಹೇಳಿದ್ದು. ಹೊಳೆ ಕಡಲು ಸೇರುವಲ್ಲಿ, ಉಪ್ಪುನೀರೂ ಸಿಹಿನೀರೂ ಒಂದನ್ನೊಂದು ತಳ್ಳಾಡುವ ಜಾಗದಲ್ಲಿ ಒಂದು ಊರಿತ್ತು. ಊರೆಂದರೆ ಒಂದೇ ನೆಲವಲ್ಲ. ಹೊಳೆಯ ನಡುವೆ ಅಲ್ಲೊಂದು ಇಲ್ಲೊಂದು ಕುದ್ರು, ಕುದ್ರಿನ ಸುತ್ತ ನೀರು, ಕುದ್ರಿನ ಮೇಲೆ ತೆಂಗು, ತೆಂಗಿನ ಕೆಳಗೆ ಮನೆ. ಉಪ್ಪು ತರುವುದಕ್ಕೂ ದೋಣಿ, ಸೂಲಗಿತ್ತಿ ಬರುವುದಕ್ಕೂ ದೋಣಿ, ಹೆಣ ಹೋಗುವುದಕ್ಕೂ ದೋಣಿ. ಹಾಗಾಗಿ ಆ ಕಡೆಯವರು ಒಂದು ಮನೆ ಹೇಗಿದೆ ಎಂದು ಕೇಳುವಾಗ ಮಾಡು ಗೋಡೆಯ ಸುದ್ದಿ ಕೇಳುತ್ತಿರಲಿಲ್ಲ, ದಕ್ಕೆಯ ಸುದ್ದಿ ಕೇಳುತ್ತಿದ್ದರು. ದಕ್ಕೆ ಎಂದರೆ ಕಂಬ ಹುಗಿದು ನೀರಿನ ಮೇಲೆ ಹಲಗೆ ಹಾಸಿದ ಕಟ್ಟೆ, ದೋಣಿ ಕಟ್ಟಿ ಇಳಿಯುವ ಜಾಗ. ಅದರ ಪಕ್ಕದಲ್ಲೇ ಮಳೆಗಾಲಕ್ಕೆ ದೋಣಿ ಎಳೆದಿಡುವ ಕೊಟ್ಟಿಗೆ. ಇವೆರಡನ್ನೂ ಕಟ್ಟುವುದರಲ್ಲಿ ಒಬ್ಬನಿದ್ದ. ಅವನೇ ನಾರ್ಣಾಚಾರಿ.

ಅವನು ಕಟ್ಟಿದ ದಕ್ಕೆಯ ಕಂಬಕ್ಕೆ ಹುಳ ಹತ್ತುತ್ತಿರಲಿಲ್ಲವಂತೆ. ಅವನು ಬಾಚಿ ಎತ್ತಿದರೆ ಹೊಳೆಯ ಮೀನು ದೂರ ಸರಿದು ಜಾಗ ಬಿಡುತ್ತಿದ್ದವಂತೆ. ಹೇಳುವವರು ಹೇಳುತ್ತಾರೆ, ನಂಬುವುದು ನಿಮಗೆ ಬಿಟ್ಟದ್ದು. ಆದರೆ ಇನ್ನೊಂದು ಮಾತಿದೆ, ಅದನ್ನು ನಾನು ನಂಬುತ್ತೇನೆ. ಕುದ್ರುಕುದ್ರಿಗೂ ಮದುಮಗಳು ಇಳಿಯುವ ದಕ್ಕೆ ಕಟ್ಟಿಕೊಟ್ಟ ಆ ಮನುಷ್ಯ ತಲೆ ಬೆಳ್ಳಗಾಗುವ ತನಕ ತನ್ನ ದಕ್ಕೆಯ ಮೇಲೆ ಒಬ್ಬಳೇ ಒಬ್ಬ ಮದುಮಗಳು ಇಳಿದದ್ದನ್ನೂ ಕಂಡವನಲ್ಲವಂತೆ.

ಅದು ಯಾಕೆಂದು ಹೇಳುತ್ತೇನೆ, ಕೇಳಿ.

ಆ ಕಾಲಕ್ಕೆ ಮದುವೆ ನಡೆಯುತ್ತಿದ್ದದ್ದು ಗಂಡಿನ ಮನೆಯಲ್ಲಿ. ಹೆಣ್ಣಿನ ದಿಬ್ಬಣ ದೋಣಿಯಲ್ಲಿ ಬರಬೇಕು. ದೋಣಿಯಿಂದ ಇಳಿದ ಮದುಮಗಳ ಕಾಲು ಹೊಸಿಲು ದಾಟುವವರೆಗೆ ಒಣಗಿಯೇ ಇರಬೇಕು. ಕೆಸರು ಮುಟ್ಟಿದರೆ ಆ ಮನೆಯಲ್ಲಿ ಅವಳ ಬಾಳೂ ಕೆಸರೇ ಎಂದು ಹಿರಿಯರ ಮಾತು. ಎತ್ತಿ ಇಳಿಸೋಣ ಎಂದರೆ ಅದೂ ಕೂಡದು. ಅಲ್ಲಿ ದೋಣಿಯಿಂದ ಎತ್ತಿ ಇಳಿಸುವುದು ಹೆಣವನ್ನು ಮಾತ್ರ.

ನಾರ್ಣ ಆಗಿನ್ನೂ ಆಚಾರಿ ಎನಿಸಿಕೊಂಡಿರಲಿಲ್ಲ, ಬರೀ ನಾರ್ಣ. ಅವನಿಗೆ ಹೊಳೆಯ ಮೇಲ್ಗಡೆಯ ರುಕ್ಕು ಎಂಬ ಹುಡುಗಿಯೊಡನೆ ಮದುವೆ ಗೊತ್ತಾಯಿತು. ಮದುವೆಗೆಂದು ತನ್ನ ಮನೆಯೆದುರು ತಾನೇ ದಕ್ಕೆ ಕಟ್ಟಿದ. ನೀರಿಗೆ ಕೊಳೆಯದ ಬೋಗಿ ಮರದ ಕಂಬ, ಗೇರೆಣ್ಣೆ ಕುಡಿಸಿದ ಹಲಗೆ, ಅಂಚಿಗೆ ಬಳ್ಳಿಯ ಕೆತ್ತನೆ. ಮುಹೂರ್ತಕ್ಕೆ ಮೊದಲು ದಿಬ್ಬಣ ಬಂದು ಮುಟ್ಟುವುದು ತುಂಬಿದ ಉಬ್ಬರದ ಹೊತ್ತಿಗೆ ಎಂದು ಲೆಕ್ಕ ಹಾಕಿ, ಉಬ್ಬರದ ನೀರು ನೋಡಿಯೇ ದಕ್ಕೆಯ ಎತ್ತರ ಹಿಡಿದ. ದೋಣಿಯ ಅಂಚೂ ಹಲಗೆಯೂ ಸಮ, ಹುಡುಗಿ ಅಂಗಳದಲ್ಲಿ ನಡೆದಂತೆ ನಡೆದು ಬರಬಹುದು. ಅವನ ಲೆಕ್ಕದಲ್ಲಿ ತಪ್ಪಿರಲಿಲ್ಲ. ಆದರೆ ಆ ಲೆಕ್ಕದಲ್ಲಿ ರುಕ್ಕುವಿನ ಅಜ್ಜಿ ಇರಲಿಲ್ಲ. ಆ ಅಜ್ಜಿ ಹಾದಿಯಲ್ಲಿ ಸಿಕ್ಕ ಕುದ್ರಿನ ನೆಂಟರನ್ನೆಲ್ಲ ಮಾತಾಡಿಸದೆ ಬರುವ ಪೈಕಿಯಲ್ಲ. ಇಲ್ಲಿ ಒಂದು ವೀಳ್ಯ, ಅಲ್ಲಿ ಒಂದು ಲೋಟ ಪಾನಕ, ಅಂತೂ ದಿಬ್ಬಣ ಬಂದು ಮುಟ್ಟುವಾಗ ಹೊಳೆ ಇಳಿದುಬಿಟ್ಟಿತ್ತು. ದಕ್ಕೆ ಎದೆಯೆತ್ತರದಲ್ಲಿ, ದೋಣಿ ಕೆಳಗೆ, ಕಂಬದ ಬುಡದಿಂದ ದಡದವರೆಗೂ ಕಪ್ಪು ಕೆಸರು.

ಏಣಿ ತನ್ನಿ ಎಂದರು. ಏಣಿ ತಂದು ಇಟ್ಟರೆ ಅದರ ಕಾಲು ಕೆಸರಲ್ಲಿ ಹೂತುಹೋಯಿತು. ರುಕ್ಕು ದೋಣಿಯಲ್ಲಿ ಎದ್ದು ನಿಂತು ಕೈ ಮೇಲೆ ಚಾಚಿದಳು. ಹಲಗೆ ಕೈಗೆ ಸಿಕ್ಕಿತು, ಕಾಲಿಟ್ಟು ಹತ್ತುವುದಕ್ಕೆ ಏನೂ ಇರಲಿಲ್ಲ. ಮೇಲೆ ಬಾಸಿಂಗ ಕಟ್ಟಿಕೊಂಡು ನಿಂತ ನಾರ್ಣ ಬಗ್ಗಿ ತನ್ನ ಕೈ ಕೊಟ್ಟ. ಕೊಟ್ಟವನಿಗೆ ನೆನಪಾಯಿತು, ಧಾರೆಗೆ ಮೊದಲು ಗಂಡು ಹೆಣ್ಣಿನ ಕೈ ಹಿಡಿಯಬಾರದು. ಕೈ ಹಿಂದೆ ತೆಗೆದುಕೊಂಡ.

ಅಷ್ಟೇ ನಡೆದದ್ದು. ರುಕ್ಕುವಿನ ಸೋದರಮಾವ ಕೋಪಿಷ್ಠ. "ಹೆಣ್ಣ್ ಇಳುಕೆ ಜಾಗ ಇಲ್ದಿದ್ ಮನಿಗೆ ಹೆಣ್ಣ್ ಕೊಡುದಿಲ್ಲ" ಎಂದ. ಉಬ್ಬರ ಬರುವ ತನಕ ಕಾಯಿರಿ ಎಂದು ನಾರ್ಣನ ಕಡೆಯವರು ಕೈಮುಗಿದರು. ಉಬ್ಬರ ಬರುವಷ್ಟರಲ್ಲಿ ಮುಹೂರ್ತ ಹೋಗುತ್ತಿತ್ತು. ದೋಣಿ ತಿರುಗಿತು. ಹೊಳೆಬಾಗಿಲ ಕುದ್ರಿನ ಚಿನ್ನದ ಕೆಲಸದ ಮನೆಯವರು ಆ ಹುಡುಗಿಯನ್ನು ಮೊದಲೇ ಕೇಳಿದ್ದರಂತೆ. ಅದೇ ತಿಂಗಳಲ್ಲಿ ಅಲ್ಲಿಗೆ ಕೊಟ್ಟು ಮುಗಿಸಿದರು.

ನಾರ್ಣ ಆಮೇಲೆ ಮದುವೆಯೇ ಆಗಲಿಲ್ಲ. ಕೊಟ್ಟರೆ ತಾನೇ ಆಗುವುದು? ದಿಬ್ಬಣ ತಿರುಗಿ ಹೋದ ಮನೆಗೆ ಹೆಣ್ಣು ಕೊಡುವವರು ಯಾರು! ತಾಯಿ ಇರುವಷ್ಟು ದಿನ ಇದ್ದಳು, ಆಮೇಲೆ ಅವನೊಬ್ಬನೇ. ಇಳಿತದ ಹೊತ್ತಿಗೆ ತನ್ನ ದಕ್ಕೆಯ ತುದಿಯಲ್ಲಿ ಕಾಲು ಇಳಿಬಿಟ್ಟು ಕೂರುತ್ತಿದ್ದನಂತೆ, ಕಾಲಿಗೂ ನೀರಿಗೂ ನಡುವೆ ಇದ್ದ ಆ ಖಾಲಿಯನ್ನೇ ನೋಡುತ್ತ. ಒಂಟಿತನ ಎಂಬುದನ್ನು ಅಳೆಯುವುದಾದರೆ ಅವನ ಮಟ್ಟಿಗೆ ಅದು ಎದೆಯೆತ್ತರ ಇತ್ತು.

ಹಾಗೆ ಕೂತು ಕೂತೇ ಅವನು ಇಳಿತದ ಮೆಟ್ಟಿಲು ಕಂಡುಹಿಡಿದದ್ದು. ದಕ್ಕೆಯ ಮಗ್ಗುಲಲ್ಲಿ ಕಂಬಕ್ಕೆ ಕಚ್ಚಿಸಿ, ನೀರು ತೀರ ಇಳಿದಾಗಲೂ ದೋಣಿಯ ಅಂಚಿಗೆ ಸಿಗುವಂತೆ ಕೆಳಕೆಳಗೆ ಮೆಟ್ಟಿಲು. ಉಬ್ಬರದಲ್ಲಿ ಅದು ಮುಳುಗಿರುತ್ತದೆ, ಇದೆ ಎಂದೇ ಗೊತ್ತಾಗುವುದಿಲ್ಲ. ಇಳಿದಾಗ ತಾನಾಗಿ ಮೇಲೆ ಕಾಣುತ್ತದೆ. ಒಂದು ಮನೆಗೆ ಕಟ್ಟಿಕೊಟ್ಟ, ಆ ಮನೆಗೆ ಬಂದ ಮದುಮಗಳು ತವರಿಗೆ ಹೋದಾಗ ತಾಯಿಯ ಹತ್ತಿರ ಹೇಳಿದಳು. ತಾಯಿ ನೀರು ಸೇದುವಲ್ಲಿ ಹೇಳಿದಳು. ಅಲ್ಲಿಂದಾಚೆ ಹೆಣ್ಣು ಹೆತ್ತವರು ಸಂಬಂಧ ಕೇಳಿಕೊಂಡು ಬಂದವರಿಗೆ ಮೊದಲು ಹಾಕುವ ಪ್ರಶ್ನೆಯೇ, ನಿಮ್ಮಲ್ಲಿ ದಕ್ಕೆ ಯಾರು ಕಟ್ಟಿದ್ದು?

ಅವನ ಹತ್ತಿರ ಕೆಲಸ ಹೇಳುವುದಕ್ಕೆ ಒಂದು ಕ್ರಮವಿತ್ತು. ಇಳಿತದಲ್ಲೇ ಬರಬೇಕು, ಅವನ ಮನೆಗೇ ಬರಬೇಕು. ಬಂದವರ ದೋಣಿಯನ್ನು ಆ ಎತ್ತರದ ದಕ್ಕೆಯ ಕೆಳಗೆ ನಿಲ್ಲಿಸಿ ಅವನು ಮೇಲಿನಿಂದ ಹೇಳುವ ಮಾತು ಯಾವಾಗಲೂ ಒಂದೇ. "ಇದೂ ನಾನ್ ಕಟ್ಟದ್ದೇ. ಮೊದ್ಲ್ ಇದ್ನ್ ಕಾಣಿ, ಮತ್ತ್ ಮಾತಾಡ್ವ."

ತನ್ನ ಸೋಲನ್ನೇ ಅಂಗಡಿಯ ಮುಂದೆ ತೂಗುಹಾಕಿದರೆ ವ್ಯಾಪಾರ ಆಗುತ್ತದೆಯೇ? ಕೆಲವರು ಕಂಡು ಒಪ್ಪುತ್ತಿದ್ದರು, ಕೆಲವರು ಕಂಡು ಹುಟ್ಟು ತಿರುಗಿಸುತ್ತಿದ್ದರು. ಅಷ್ಟರಲ್ಲಿ ಹೊಳೆಯಾಚೆಯಿಂದ ಶೀನಾಚಾರಿ ಎಂಬವನು ಬಂದ. ಅವನ ದೋಣಿಗೆ ಪತಾಕೆ, ದೋಣಿಯಲ್ಲಿ ಡೋಲು, ಅವನ ಬಾಯಿಯೇ ಇನ್ನೊಂದು ಡೋಲು. ತುಂಬಿದ ಉಬ್ಬರದಲ್ಲೇ ಕುದ್ರು ಸುತ್ತುತ್ತಿದ್ದ, ತನ್ನ ದಕ್ಕೆಗಳನ್ನು ಉಬ್ಬರದಲ್ಲೇ ತೋರಿಸುತ್ತಿದ್ದ. ಕೆಮ್ಮಣ್ಣು ಬಳಿದ ಹಲಗೆ ಫಳಫಳ. ನಾನು ಕಟ್ಟಿದ ದಕ್ಕೆಯ ಮೇಲೆ ಆನೆ ನಿಲ್ಲಿಸಬಹುದು ಎನ್ನುತ್ತಿದ್ದ. ಕುದ್ರಿಗೆ ಆನೆ ಯಾಕೆ ಬರುತ್ತದೆ ಎಂದು ಯಾರೂ ಕೇಳಲಿಲ್ಲ. ಉಬ್ಬರದ ನೀರಿನಡಿ ಅವನ ಕಂಬಗಳು ತೆಂಗಿನವು, ಹುಳಕ್ಕೆ ಹಬ್ಬ. ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರಲ್ಲ, ಶೀನನಿಗೆ ಬೋಗಿ ಮರವೂ ಬೇಕಾಗಲಿಲ್ಲ.

ನಾರ್ಣಾಚಾರಿ ಶೀನನ ಸುದ್ದಿಗೆ ಹೋಗಲಿಲ್ಲ. ಅವನ ಸಂಕಟ ಬೇರೆಯೇ ಇತ್ತು. ದಿಬ್ಬಣ ತಿರುಗಿಸಿಕೊಂಡವನು ದಿಬ್ಬಣದ ಕಣ್ಣಿಗೆ ಬೀಳಬಾರದು, ಅಪಶಕುನ ಎಂದು ಊರಿನ ನಿಯಮ. ಅವನ ಕೈಯ ಕೆಲಸ ಬೇಕು, ಅವನ ಮುಖ ಬೇಡ. ಥೂ, ಎಂಥ ಜನ! ಮದುವೆಯ ಹಿಂದಿನ ದಿನ ಕೊನೆಯ ಮೆಟ್ಟಿಲಿಗೆ ಎಣ್ಣೆ ಒರೆಸಿ, ಉಳಿ ಬಾಚಿ ಚೀಲಕ್ಕೆ ಹಾಕಿಕೊಂಡು ಅವನು ಹೊರಟುಬಿಡಬೇಕು. ಯಾರೂ ಹೇಳಬೇಕಾಗಿರಲಿಲ್ಲ, ತಾನೇ ಹೊರಡುತ್ತಿದ್ದ. ಮದುಮಗಳ ಒಣಗಿದ ಕಾಲು ದೋಣಿಯಿಂದ ತನ್ನ ಮೆಟ್ಟಿಲಿಗೆ ಇಳಿಯುವುದನ್ನು ಒಮ್ಮೆ ಕಣ್ಣಾರೆ ಕಾಣಬೇಕು ಎಂಬ ಆಸೆ ಮಾತ್ರ ಅವನನ್ನು ಬಿಡಲಿಲ್ಲ. ಆ ಆಸೆಯನ್ನು ಅವನು ಯಾರ ಹತ್ತಿರವೂ ಹೇಳಿಕೊಳ್ಳಲಿಲ್ಲ. ಹೇಳಿಕೊಳ್ಳುವುದಕ್ಕೆ ಮನೆಯಲ್ಲಿ ಯಾರಿದ್ದರು?

ವರ್ಷಗಳು ಹೋದವು. ಅವನ ತಲೆ ಬೆಳ್ಳಗಾಯಿತು. ಹೊಳೆಬಾಗಿಲ ಕುದ್ರಿನಲ್ಲಿ ರುಕ್ಕು ರುಕ್ಕಮ್ಮ ಆದಳು, ಗಂಡ ತೀರಿಕೊಂಡ, ಮಗ ಮಾಬ್ಲ ಮದುವೆಯ ವಯಸ್ಸಿಗೆ ಬಂದ. ಅವಳ ಮನೆಯದು ಶೀನಾಚಾರಿ ಕಟ್ಟಿದ ದಕ್ಕೆ. ಆ ವರ್ಷದ ಮಳೆಗೆ ಕಂಬ ಮುರಿದು, ಜೊತೆಗೆ ದೋಣಿ ಕೊಟ್ಟಿಗೆಯೂ ಹೊಳೆ ಪಾಲಾಗಿತ್ತು. ಹೆಣ್ಣಿನವರು ಖಂಡಿತವಾಗಿ ಹೇಳಿದರು, ಸರಿಯಾದ ದಕ್ಕೆ ಆದರೆ ಮದುವೆ, ಇಲ್ಲವಾದರೆ ಇಲ್ಲ. ಶೀನಾಚಾರಿ ಡೋಲು ಸಮೇತ ಮತ್ತೆ ಬಂದ. ಮೈದುನಂದಿರು, ಬೇಗ ಮುಗಿಸುತ್ತಾನೆ, ಅವನಿಗೇ ಕೊಡುವ ಎಂದರು. ರುಕ್ಕಮ್ಮ ಇಳಿತ ಹಿಡಿಯುವುದನ್ನೇ ಕಾದು, ದೋಣಿ ಹಾಕು ಎಂದು ಮಗನಿಗೆ ಹೇಳಿದಳು.

ನಾರ್ಣಾಚಾರಿ ದಕ್ಕೆಯ ತುದಿಯಲ್ಲೇ ಕೂತಿದ್ದ. ಕೆಳಗೆ ದೋಣಿ ಬಂದು ನಿಂತಿತು, ಅದೇ ಜಾಗದಲ್ಲಿ. ಯಾರೋ ಕೆಲಸದ ಮಾತಿಗೆ ಬಂದವರೆಂದು ಅವನು ಎಂದಿನ ಮಾತು ಶುರುಮಾಡಿದ. ಇದೂ ನಾನ್ ಕಟ್ಟದ್ದೇ.

"ಇದ್ನ ನಾನ್ ಮೊದ್ಲೇ ಕಂಡದ್ದ್, ಆಚಾರ್ರೆ" ಎಂದಳು ರುಕ್ಕಮ್ಮ.

ಆಗ ಅವನಿಗೆ ಗುರುತು ಹತ್ತಿತು. ಅವಳು ಮೇಲೆ ನೋಡಿ, ಮಗ ಕೇಳುತ್ತಿದ್ದಾನೆ ಎಂದೂ ನೋಡದೆ, ಒಂದೇ ಒಂದು ಕೇಳಿದಳಂತೆ. "ಆವತ್ತ್ ಕೈ ಎಂತಕೆ ಹಿಂದೆ ತಕಂಡ್ರಿ?"

ನಾರ್ಣಾಚಾರಿಗೆ ಉತ್ತರ ಗೊತ್ತಿತ್ತು. ಇಷ್ಟು ವರ್ಷ ಅವನು ಅದನ್ನೇ ತನಗೆ ತಾನೇ ಹೇಳಿಕೊಂಡಿದ್ದ, ಕ್ರಮ ಹಾಗಿತ್ತು ಎಂದು. ಅವಳ ಮುಖ ನೋಡಿದ ಮೇಲೆ ಆ ಉತ್ತರ ಅವನಿಗೇ ಸಾಲದಾಯಿತು. ಅವಳು ಉತ್ತರಕ್ಕೆ ಕಾಯಲಿಲ್ಲ. ದಕ್ಕೆಯೂ ಕೊಟ್ಟಿಗೆಯೂ ನೀವೇ ಕಟ್ಟಿಕೊಡಬೇಕು ಎಂದಳು.

ಅವನು ಕಟ್ಟಿದ. ಅಷ್ಟು ಚಂದದ ದಕ್ಕೆ ಆ ಹೊಳೆಯಲ್ಲಿ ಹಿಂದೆ ಆಗಿರಲಿಲ್ಲ, ಮುಂದೆ ಆಗಲಿಲ್ಲ ಎನ್ನುತ್ತಾರೆ. ಕೆಲಸ ಮುಗಿದು ಅವನು ಚೀಲ ಹೆಗಲಿಗೇರಿಸಿದಾಗ ರುಕ್ಕಮ್ಮ ತಡೆದಳು. ಮದುವೆಗೆ ಇರಿ ಎಂದಳು. ಮೈದುನಂದಿರ ಮುಖ ಕಪ್ಪಿಟ್ಟಿತು. ನಾರ್ಣಾಚಾರಿ ತಲೆಯಾಡಿಸಿದ, ನಿಮ್ಮ ಸೊಸೆಯ ಬಾಳಿಗೆ ನನ್ನ ನೆರಳು ಬೇಡ ಎಂದ. ಅದಕ್ಕವಳು, ಹಾಗಾದರೆ ದಿಬ್ಬಣವನ್ನೇ ನಿಮ್ಮ ಮನೆಯ ಮೇಲಿಂದ ಕರೆದುಕೊಂಡು ಬರುತ್ತೇನೆ, ಮನೆಯಲ್ಲಿರಿ ಎಂದಳು. ಅವನು ದೋಣಿ ಹತ್ತಿ ಹೋದ.

ಗಂಡ ಸತ್ತವಳು ದಿಬ್ಬಣ ಎದುರುಗೊಳ್ಳುವುದು ಉಂಟೇ ಎಂದು ಎಲ್ಲರೂ ಬಾಯಿ ಬಾಯಿ ಬಿಟ್ಟರು. ರುಕ್ಕಮ್ಮ ಹೊರಟೇ ಹೊರಟಳು. ಹೊಳೆಯ ನಡುವೆ ಹೆಣ್ಣಿನ ದೋಣಿ ಏರಿ, ಸೊಸೆಯಾಗುವವಳ ಪಕ್ಕದಲ್ಲಿ ಕೂತು, ನಾರ್ಣಾಚಾರಿಯ ಮನೆಗೆ ತಿರುಗಿಸಿ ಎಂದಳು. ಇಳಿತದ ಹೊತ್ತು. ದೋಣಿ ಹತ್ತಿರ ಬಂದಾಗ ಎಲ್ಲರಿಗೂ ಮೊದಲು ಬಂದದ್ದು ಹೊಸ ಮರದ ಪರಿಮಳ.

ಆ ಹಳೆಯ ದಕ್ಕೆಯ ಮಗ್ಗುಲಲ್ಲಿ ಮೆಟ್ಟಿಲು ಇತ್ತು. ಊರಿಗೆಲ್ಲ ಮಾಡಿಕೊಟ್ಟು ತನಗೆ ಮಾತ್ರ ಮಾಡಿಕೊಳ್ಳದೆ ಬಿಟ್ಟಿದ್ದ ಇಳಿತದ ಮೆಟ್ಟಿಲು, ನೀರಿನ ತನಕ, ಎಣ್ಣೆ ಒರೆಸಿ ಒಣಗಿಸಿದ್ದು. ಮದುಮಗಳು ಕಾಲಿಟ್ಟಳು, ಹತ್ತಿದಳು. ಅರಿಶಿನದ ಕಾಲು ಒದ್ದೆಯಾಗಲಿಲ್ಲ. ಅವಳ ಹಿಂದೆ ರುಕ್ಕಮ್ಮ, ಕಂಬ ಹಿಡಿದುಕೊಂಡು ನಿಧಾನ ಹತ್ತಿದಳು.

ಮನೆಯ ಬಾಗಿಲು ತೆರೆದಿತ್ತು. ಅಂಗಳಕ್ಕೆ ಸೆಗಣಿ ಸಾರಿಸಿತ್ತು. ಜಗಲಿಯಲ್ಲಿ ಗಿಂಡಿಯಲ್ಲಿ ನೀರು, ಬಾಳೆಲೆ ಚೂರಿನಲ್ಲಿ ಬೆಲ್ಲ. ನಾರ್ಣಾಚಾರಿ ಇರಲಿಲ್ಲ.

ಕರೆದರು. ಹೊಳೆ ಕೇಳಿಸಿಕೊಂಡಿತು, ಅವನು ಬರಲಿಲ್ಲ. ಎಲ್ಲರೂ ಬೆಲ್ಲ ಕಡಿದು ನೀರು ಕುಡಿದರು. ಮುಹೂರ್ತ ಕಾಯುವುದಿಲ್ಲ ಎಂದು ದೋಣಿಯವರು ಅವಸರ ಮಾಡಿದರು. ರುಕ್ಕಮ್ಮ ಮಾತ್ರ ಆ ಜಗಲಿಯಲ್ಲಿ ಕಾಲು ನೀಡಿ ಕೂತಳಂತೆ, ತನ್ನ ಮನೆಯಾಗಬೇಕಾಗಿದ್ದ ಮನೆಯಲ್ಲಿ. ಆಮೇಲೆ ಸೊಸೆಯ ಕೈ ಹಿಡಿದು ಮೆಟ್ಟಿಲಿಳಿದಳು. ದೋಣಿ ಬಿಡುವಾಗ ಹಿಂದೆ ಕೂತ ಹುಟ್ಟಿನವನು ಕಂಡದ್ದು ಎನ್ನುತ್ತಾರೆ: ದಡದ ಉಪ್ಪುನೀರಲ್ಲಿ ಪೊದೆಯಾಗಿ ಬೆಳೆಯುವ ಕಾಂಡ್ಲ ಗಿಡಗಳ ನಡುವೆ, ಸೊಂಟದ ತನಕ ಕೆಸರಿನಲ್ಲಿ, ಒಬ್ಬ ಮುದುಕ ನಿಂತಿದ್ದ. ತನ್ನ ಮುಖ ಮದುಮಗಳ ಕಣ್ಣಿಗೆ ಬೀಳದ ಹಾಗೆ ಎಲೆ ಅಡ್ಡ ಹಿಡಿದು, ಅವಳ ಕಾಲನ್ನು ನೋಡುತ್ತಿದ್ದ.

ಮುಂದಿನ ಮಳೆಗಾಲದಲ್ಲಿ ಅವನು ತೀರಿಕೊಂಡ. ಮಾಬ್ಲನ ಸಂಸಾರ ಮಕ್ಕಳು ಮರಿಯೊಡನೆ ತುಂಬಿ ತುಳುಕಿತು, ಅಪಶಕುನ ಎಂದವರ ಬಾಯಿ ಅಲ್ಲಿಗೆ ಮುಚ್ಚಿತು. ಶೀನಾಚಾರಿಯ ದಕ್ಕೆಗಳು ಒಂದೊಂದಾಗಿ ಹೊಳೆಗೆ ಹೋದವು. ಈಗಲೂ ಆ ಕುದ್ರುಗಳಲ್ಲಿ ದಕ್ಕೆ ಕಟ್ಟುವವನನ್ನು ಗೊತ್ತು ಮಾಡುವಾಗ ಇಳಿತದಲ್ಲೇ ಹೋಗುತ್ತಾರೆ, ನಿನ್ನ ಕೆಟ್ಟ ದಕ್ಕೆ ಯಾವುದು ತೋರಿಸು ಎಂದು ಮೊದಲು ಕೇಳುತ್ತಾರೆ. ಇಲ್ಲ ಎಂದವನಿಗೆ ಕೆಲಸ ಕೊಡುವುದಿಲ್ಲ.

ನಾರ್ಣಾಚಾರಿಯ ಮನೆ ಈಗಿಲ್ಲ. ನೀರು ಇಳಿದಾಗ ಬೋಗಿ ಮರದ ಎರಡು ಬುಡ ಕಾಣುತ್ತವೆ, ಅಷ್ಟೇ. ದಿಬ್ಬಣದ ದೋಣಿ ಆ ಹಾದಿ ಹೋಗುವಾಗ ಅಲ್ಲಿ ನಿಲ್ಲುತ್ತದೆ. ಮದುಮಗಳು ಬುಡದ ಮೇಲೆ ಕೈ ಇಡುತ್ತಾಳೆ, ಒಂದು ತುಂಡು ಬೆಲ್ಲ ಇಡುತ್ತಾಳೆ. ಆಮೇಲೆ ಕಾಂಡ್ಲ ಗಿಡಗಳ ಕಡೆಗೆ ತನ್ನ ಒಣಗಿದ ಪಾದ ಕಾಣುವಂತೆ ದೋಣಿಯ ಅಂಚಿಗೆ ಕಾಲು ನೀಡಿ ಕೂರುತ್ತಾಳೆ. ಆ ಹೊತ್ತಿಗೆ ದೋಣಿಯಲ್ಲಿರುವ ಉಳಿದವರೆಲ್ಲ ಆಚೆ ಮುಖ ತಿರುಗಿಸುತ್ತಾರೆ, ಅವನು ಎಲೆ ಅಡ್ಡ ಹಿಡಿಯದೆ ನೋಡಲಿ ಎಂದು.