ಶಾಸಕರ ಜಗಲಿಯ ಬೆಂಚು

ಐದಾರು ಚುನಾವಣೆ ಗೆದ್ದಿದ್ದ ಶಾಸಕ ಬೋರಲಿಂಗಯ್ಯನವರು ವಯಸ್ಸಾಯಿತೆಂದು ಈ ಸಲ ನಿಲ್ಲಲಿಲ್ಲ. ಅವರ ಜಾಗಕ್ಕೆ ಬೇರೊಬ್ಬರು ಗೆದ್ದು ಬಂದರು. ಮರುದಿನ ಬೆಳಿಗ್ಗೆ ಬೋರಲಿಂಗಯ್ಯನವರ ಮನೆಯ ಗೇಟು ಜಗಲಿಯ ಬೆಂಚಿಗೆ ಹೇಳಿತು:

"ಇಷ್ಟು ವರ್ಷ ಹಗಲೆಲ್ಲ ತೆರೆದೇ ನಿಂತೆ. ಇನ್ನು ಮುಚ್ಚಿಕೊಂಡು ಹಾಯಾಗಿರುತ್ತೇನೆ. ಜನ ಬರುತ್ತಿದ್ದುದು ಇವರ ಸಹಿಗಾಗಿ. ಆ ಸಹಿಯ ಬೆಲೆ ಹೋಯಿತು, ಇನ್ನು ಯಾರು ಬರುತ್ತಾರೆ?"

"ಸ್ವಲ್ಪ ತಡಿ," ಎಂದಿತು ಬೆಂಚು. "ಜನ ಬಂದು ಹೋಗುವುದನ್ನಷ್ಟೇ ನೀನು ನೋಡಿದ್ದೀಯ. ಅವರು ಕೂತು ಕಾದದ್ದು ನನ್ನ ಮೇಲೆ. ಕಾಯುವಾಗ ಅವರು ಆಡುವ ಮಾತೇ ಬೇರೆ."

ಅಷ್ಟರಲ್ಲಿ ಪುಟ್ಟಸಿದ್ದಮ್ಮ ಎಂಬ ಮುದುಕಿ ಬಂದು ಬೆಂಚಿನ ಮೇಲೆ ಕೂತಳು. ವಿಧವಾ ವೇತನಕ್ಕೂ, ತನ್ನ ಊರಿಗೆ ಬಸ್ಸು ಬಿಡಿಸಿಕೊಳ್ಳುವುದಕ್ಕೂ ಹಿಂದೆ ಅದೇ ಬೆಂಚಿನ ಮೇಲೆ ಕಾದವಳು. ಬೋರಲಿಂಗಯ್ಯನವರು ಹೊರಗೆ ಬಂದು, ಎಂದಿನ ಅಭ್ಯಾಸದಂತೆ ಅರ್ಜಿಗೆಂದು ಕೈ ಚಾಚಿದರು.

ಆಕೆ ಆ ಕೈಯಲ್ಲಿ ಬೇಯಿಸಿದ ಕಡಲೆಕಾಯಿಯ ಪೊಟ್ಟಣ ಇಟ್ಟಳು. ಅದು ಇನ್ನೂ ಬಿಸಿಯಾಗಿತ್ತು.

"ಅಣ್ಣಾ, ಏನೂ ಕೇಳಕ್ಕೆ ಬಂದಿಲ್ಲ. ನೀವು ಹೆಂಗಿದ್ದೀರಿ ಅಂತ ನೋಡ್ಕೊಂಡು ಹೋಗಕ್ಕೆ ಬಂದೆ."

ಬಂದವರನ್ನೆಲ್ಲ ಹೇಗಿದ್ದೀರಿ ಎಂದು ಕೇಳಿಯೇ ವಯಸ್ಸು ಕಳೆದವರು ಅವರು. ಎದುರಿಗಿದ್ದ ತಮ್ಮ ಕುರ್ಚಿಗೆ ಹೋಗದೆ, ಬೆಂಚಿನ ಮೇಲೆ ಆಕೆಯ ಪಕ್ಕ ಕೂತರು. ಅವರು ಅಲ್ಲಿ ಕೂತದ್ದು ಅದೇ ಮೊದಲು.

ಗೇಟು ಮುಚ್ಚಿಕೊಳ್ಳಲಿಲ್ಲ. ರಸ್ತೆಯ ತಿರುವಿನಲ್ಲಿ ಇನ್ನಿಬ್ಬರು ಬರುತ್ತಿರುವುದು ಅದಕ್ಕೆ ಕಾಣುತ್ತಿತ್ತು. ಅವರ ಕೈಯಲ್ಲೂ ಅರ್ಜಿ ಇರಲಿಲ್ಲ.