ಎಡಗಡೆಯ ಸೀಟು

“ಗುರುಗಳೇ, ಎಲ್ಲರೂ ನನ್ನನ್ನು ಮೆಚ್ಚುತ್ತಾರೆ. ಆದರೆ ಯಾರೂ ನನ್ನ ಜೊತೆ ಉಳಿಯುವುದಿಲ್ಲ. ಇದೇಕೆ?”

ಹೀಗೆ ಕೇಳಿದವನು ನಿಜಗುಣ. ಮಠದ ಪಾಠಶಾಲೆಯಲ್ಲಿ ವ್ಯಾಕರಣ ಹೇಳಿಕೊಡುತ್ತಿದ್ದ. ಅವನ ಬುದ್ಧಿಗೆ ಅಲ್ಲಿ ಸಾಟಿಯಿರಲಿಲ್ಲ. ಕೇಳುವವರು ಪ್ರಶ್ನೆಯ ಅರ್ಧಕ್ಕೆ ಬರುವಷ್ಟರಲ್ಲಿ ಇವನ ಉತ್ತರ ಮುಗಿದಿರುತ್ತಿತ್ತು. ಆ ಉತ್ತರ ಸರಿಯಾಗಿಯೂ ಇರುತ್ತಿತ್ತು, ಅದೇ ತೊಂದರೆ. ಅವನ ಉಪನ್ಯಾಸ ಕೇಳಲು ದೂರದ ಊರುಗಳಿಂದ ಜನ ಬರುತ್ತಿದ್ದರು. ಚಪ್ಪಾಳೆ ತಟ್ಟಿ, ಪ್ರಸಾದ ಉಂಡು, ಹೊರಟುಹೋಗುತ್ತಿದ್ದರು.

ಆ ದಿನ ಬೆಳಿಗ್ಗೆ ಗದಿಗೆಯ್ಯನೂ ಹೋಗಿದ್ದ. ಬಹುಕಾಲದಿಂದ ಅವನ ಕೋಣೆಯಲ್ಲೇ ಇದ್ದ ಗೆಳೆಯ, ಹಾಸಿಗೆ ಸುತ್ತಿಕೊಂಡು ಹಿಂದಿನ ಸಾಲಿನ ಕೋಣೆಗೆ ಹೋಗಿ ಸೇರಿಕೊಂಡಿದ್ದ. ನಿಜಗುಣನಿಗೆ ಇದ್ದ ಒಬ್ಬನೇ ಗೆಳೆಯ ಅವನು. ಮಧ್ಯಾಹ್ನದ ಪಂಕ್ತಿಯಲ್ಲಿ ನಿಜಗುಣ ಊಟವನ್ನು ಅರ್ಧಕ್ಕೇ ಬಿಟ್ಟ. ಎಲೆಯ ಮುಂದಿನಿಂದ ಎದ್ದು ನೇರವಾಗಿ ಗುರುಗಳ ಬಳಿಗೆ ಬಂದಿದ್ದ.

ಗುರುಗಳು ಅವನ ಮುಖ ನೋಡಿದರು.

“ಕೂತುಕೋ. ಒಂದು ಕಾರಿನ ಕತೆ ಹೇಳುತ್ತೇನೆ.”

ನಿಜಗುಣನಿಗೆ ಇದು ವಿಚಿತ್ರವೆನಿಸಿತು. ಗುರುಗಳಿಗೆ ಕಾರು ಓಡಿಸಲು ಬಾರದು. ಆದರೆ ಭಕ್ತರು ಕರೆದಾಗಲೆಲ್ಲ ಅವರವರ ಕಾರಿನಲ್ಲಿ ಊರೂರು ಸುತ್ತಿದವರು. ಕಾರಿನ ಮಾತು ಬಂದರೆ ಅವರ ಮುಖ ಅರಳುತ್ತದೆ ಎಂಬುದು ಮಠದಲ್ಲಿ ಎಲ್ಲರಿಗೂ ತಿಳಿದಿತ್ತು. ತಿಳಿಯದವರ ಹಾಗೆ ಇರುತ್ತಿದ್ದರು, ಅಷ್ಟೆ. ನಿಜಗುಣ ಕೂತ. ಗುರುಗಳು ಹೇಳತೊಡಗಿದರು.

ಒಬ್ಬ ಪಾತ್ರೆ ವ್ಯಾಪಾರಿ ಇದ್ದ. ಅವನ ಮನೆ ಒಂದು ಊರಿನಲ್ಲಿ, ಅಂಗಡಿ ಪಕ್ಕದ ಪಟ್ಟಣದಲ್ಲಿ. ದಿನಾ ಬೆಳಿಗ್ಗೆ ಗಂಡ ಹೆಂಡತಿ ಇಬ್ಬರೂ ತಮ್ಮ ಹಳೆಯ ಕಾರಿನಲ್ಲಿ ಅಂಗಡಿಗೆ ಹೋಗುತ್ತಿದ್ದರು. ಸಂಜೆ ಅದರಲ್ಲೇ ಹಿಂದಿರುಗುತ್ತಿದ್ದರು. ದಾರಿಯುದ್ದಕ್ಕೂ ಹೆಂಡತಿ ಮಾತಾಡುತ್ತಿದ್ದಳು. ಯಾವ ಕೊಡ ಖರ್ಚಾಗುತ್ತಿಲ್ಲ, ಯಾರ ಮನೆಯಲ್ಲಿ ಮದುವೆ ಗೊತ್ತಾಗಿದೆ, ಯಾವ ಗಿರಾಕಿ ಮುನಿಸಿಕೊಂಡು ಎದುರಿನ ಅಂಗಡಿಗೆ ಹೋಗುತ್ತಿದ್ದಾನೆ, ಎಲ್ಲ ಅಲ್ಲಿಯೇ ಆಗಬೇಕು. ವ್ಯಾಪಾರಿ ಹೂಂಗುಡುತ್ತ ಕಾರು ಓಡಿಸುತ್ತಿದ್ದ. ಅಂಗಡಿಯ ಬಾಗಿಲು ತೆರೆದ ಮೇಲೆ ಇಬ್ಬರಿಗೂ ಉಸಿರಾಡಲು ಬಿಡುವಿಲ್ಲ. ಮನೆಗೆ ಬಂದರೆ ಮಕ್ಕಳು, ನೆಂಟರು, ಟಿವಿ. ಗಂಡ ಹೆಂಡತಿ ಎಂದು ಅವರಿಬ್ಬರೇ ಇರುತ್ತಿದ್ದದ್ದು ಆ ಕಾರಿನೊಳಗೆ ಮಾತ್ರ.

ಈ ವ್ಯಾಪಾರಿಗೆ ಚಿಕ್ಕಂದಿನಿಂದ ಒಂದು ಆಸೆಯಿತ್ತು. ತಾನೊಂದು ಸ್ಪೋರ್ಟ್ಸ್ ಕಾರು ಇಟ್ಟುಕೊಳ್ಳಬೇಕು. ಷೋಕಿಗೆಂದು ಕೊಂಡು, ಬಟ್ಟೆ ಹೊದಿಸಿ, ಹಬ್ಬಕ್ಕೊಮ್ಮೆ ಹೊರಗೆ ತೆಗೆಯುವುದಕ್ಕಲ್ಲ. ದಿನಾ ಅಂಗಡಿಗೆ ಹೋಗಿಬರುವುದಕ್ಕೆ. ಕಷ್ಟಪಟ್ಟು ದುಡಿದವನು, ಯಾರ ಹಂಗಿಗೂ ಬೀಳದವನು. ಅವನ ಆಸೆಯಲ್ಲಿ ತಪ್ಪೇನೂ ಇರಲಿಲ್ಲ. ಕಾಲ ಕೂಡಿಬಂದಾಗ ಹಳೆಯ ಕಾರನ್ನು ತಮ್ಮನ ಮಗನಿಗೆ ಕೊಟ್ಟುಬಿಟ್ಟ. ಸ್ಪೋರ್ಟ್ಸ್ ಕಾರುಗಳನ್ನು ಮಾರುವ ಪರಿಚಯದವನೊಬ್ಬ, ಒಯ್ದು ಓಡಿಸಿ ನೋಡಿ, ಮನಸ್ಸಿಗೆ ಬಂದದ್ದನ್ನು ಇಟ್ಟುಕೊಳ್ಳಿ ಎಂದ.

ಮೂರು ಕಾರು ಬಂದವು. ಒಂದು ಮನೆಯ ಮುಂದಿನ ರಸ್ತೆಯ ಹಂಪನ್ನೇ ದಾಟಲಾರದೆ ಹೊಟ್ಟೆ ಕೆರೆದುಕೊಂಡು ನಿಂತಿತು. ನೆರೆಹೊರೆಯವರು ಸೇರಿ ಎತ್ತಿ ಇಳಿಸಿದರು. ಅದನ್ನು ಆ ಹೊತ್ತೇ ಹಿಂದಕ್ಕೆ ಕಳಿಸಿದ್ದಾಯಿತು.

ಉಳಿದವು ಎರಡು. ಒಂದು ಕೆಂಪು, ಒಂದು ಬೂದು. ಎಂಥ ಕಾರುಗಳು ಎನ್ನುತ್ತೀ! ಕಾಲು ಸ್ವಲ್ಪ ಒತ್ತಿದರೆ ಸಾಕು, ಬೆನ್ನು ಸೀಟಿಗೆ ಅಂಟಿಕೊಳ್ಳಬೇಕು. ತಿರುವಿನಲ್ಲಿ ನೆಲ ಬಿಟ್ಟು ಒಂದು ಕೂದಲೆಳೆಯಷ್ಟೂ ಅಲುಗುವುದಿಲ್ಲ. ವ್ಯಾಪಾರಿ ಒಂದು ದಿನ ಕೆಂಪನ್ನು ಓಡಿಸಿದ, ಇನ್ನೊಂದು ದಿನ ಬೂದನ್ನು ಓಡಿಸಿದ. ಕೆಂಪಿನ ದನಿ ಕೇಳಿದರೆ ಮೈ ಜುಮ್ಮೆನ್ನುತ್ತಿತ್ತು. ಬೂದಿನ ಬ್ರೇಕು ಹಿಡಿದರೆ ಹಿಡಿದಲ್ಲಿ ನಿಲ್ಲುತ್ತಿತ್ತು. ಓಟದಲ್ಲಿ ಎರಡೂ ಒಂದೇ. ಇವತ್ತು ಇದು ಹೆಚ್ಚು ಎನಿಸಿದರೆ ನಾಳೆ ಅದು ಹೆಚ್ಚು. ಪೇಟೆಯವರೆಲ್ಲ ಬಂದು ಸಲಹೆ ಕೊಟ್ಟರು. ಬಟ್ಟೆ ಅಂಗಡಿಯವನು ಕೆಂಪು ಎಂದ, ಎಣ್ಣೆ ಅಂಗಡಿಯವನು ಬೂದು ಎಂದ. ಇಬ್ಬರೂ ಸೈಕಲ್ಲಿನ ಮೇಲೆ ಬಂದವರು.

ಈ ಸಂಭ್ರಮದಲ್ಲಿ ವ್ಯಾಪಾರಿ ಒಂದನ್ನು ಗಮನಿಸಲಿಲ್ಲ. ಹೆಂಡತಿ ಮಾತು ನಿಲ್ಲಿಸಿದ್ದಳು. ಅಂಗಡಿ ಬರುವವರೆಗೆ ಒಂದು ಸೊಲ್ಲಿಲ್ಲ. ಗಮನಿಸಿದಾಗಲೂ, ಕಾರಿನ ಸುಖಕ್ಕೆ ಮೈಮರೆತಿದ್ದಾಳೆ ಎಂದುಕೊಂಡು ಒಳಗೊಳಗೇ ಹಿಗ್ಗಿದ. ಶನಿವಾರ ಸಂಜೆ ಮನೆಯ ಮುಂದೆ ಇಳಿದವಳು ಬಾಯಿ ಬಿಟ್ಟಳು.

“ಸೋಮವಾರದಿಂದ ನಾ ಬಸ್ಸಿಗೆ ಬರ್ತೀನ್ರಿ.”

“ಬಸ್ಸಿಗೆ? ಇಂಥಾ ಗಾಡಿ ಮನಿ ಮುಂದ ನಿಂತಿರಬೇಕಾದ್ರ ಬಸ್ಸಿಗೆ ಯಾಕ?”

“ಒಂದಿನ ನೀವು ಈ ಕಡೆ ಕುಂತು ನೋಡ್ರಿ. ನಾ ಹೊಡೀತೀನಿ.”

ವ್ಯಾಪಾರಿಗೆ ಬಹಳ ನೋವಾಯಿತು. ಯಜಮಾನ ಸ್ಪೋರ್ಟ್ಸ್ ಕಾರಿನಲ್ಲಿ, ಯಜಮಾನಿ ಬಸ್ಸಿನಲ್ಲಿ. ಪೇಟೆಯವರು ನಗುವುದಿರಲಿ, ಅದನ್ನು ತಡೆದುಕೊಂಡಾನು. ಪಕ್ಕದಲ್ಲಿ ಅವಳಿಲ್ಲದೆ ಅಂಗಡಿಗೆ ಹೋಗಿಬರುವುದನ್ನು ನೆನೆಸಿಕೊಂಡರೆ ಎದೆ ಭಾರವಾಯಿತು. ಅವಳೂ ಕಾರು ಓಡಿಸಬಲ್ಲವಳು, ಅವನಿಗಿಂತ ಮೊದಲೇ ಕಲಿತವಳು. ಆಗಲಿ ಎಂದ.

ಭಾನುವಾರ ಬೆಳಿಗ್ಗೆ ಅವಳು ಕೆಂಪು ಕಾರನ್ನು ಹೊರಗೆ ತೆಗೆದಳು. ವ್ಯಾಪಾರಿ ಎಡಗಡೆಯ ಸೀಟಿನಲ್ಲಿ ಕೂತ. ಇಷ್ಟು ದಿನ ಅವನು ಆ ಕಡೆ ಕೂತೇ ಇರಲಿಲ್ಲ. ಗಂಡ ಹೇಗೆ ಓಡಿಸುತ್ತಿದ್ದನೋ ಹಾಗೆಯೇ ಅವಳು ಓಡಿಸಿದಳು. ಒಂದು ಕೂದಲಷ್ಟು ಹೆಚ್ಚಿಲ್ಲ, ಒಂದು ಕೂದಲಷ್ಟು ಕಡಿಮೆಯಿಲ್ಲ. ಹೆದ್ದಾರಿ ಸೇರಿದ್ದೇ ತಡ, ವ್ಯಾಪಾರಿಯ ಬಲಗಾಲು ತಾನಾಗಿ ನೆಲವನ್ನು ಒತ್ತಿತು. ಅಲ್ಲಿ ಬ್ರೇಕಿರಲಿಲ್ಲ. ಮುಂದೆ ಲಾರಿ ಕಂಡಾಗ ಮತ್ತೆ ಒತ್ತಿತು. ಕೈ ಬಾಗಿಲ ಹಿಡಿಯನ್ನು ಬಿಡಲಿಲ್ಲ.

ಪಕ್ಕದ ಮಳಿಗೆ ಖಾಲಿಯಾಗುತ್ತಿದೆ ಎಂಬ ಸುದ್ದಿ ಹಿಂದಿನ ದಿನವೇ ಅವನಿಗೆ ಬಂದಿತ್ತು. ಅದನ್ನು ಹಿಡಿದು ಅಂಗಡಿ ದೊಡ್ಡದು ಮಾಡೋಣವೇ ಎಂದು ಅವಳನ್ನು ಕೇಳಬೇಕೆಂದಿದ್ದ. ಮಾತು ನಾಲಿಗೆಯ ತುದಿಗೆ ಬಂತು, ಅಷ್ಟರಲ್ಲಿ ತಿರುವು ಬಂತು. ಮತ್ತೆ ಬಂತು, ಅಷ್ಟರಲ್ಲಿ ಲಾರಿ ಬಂತು. ಪಟ್ಟಣ ಮುಟ್ಟಿದರೂ ಆ ಮಾತು ಬಾಯಿಂದಾಚೆ ಬರಲಿಲ್ಲ. ಆಗ ಅವನಿಗೆ ಹೊಳೆಯಿತು. ಇವಳೂ ಎಷ್ಟೋ ಮಾತುಗಳನ್ನು ಹೀಗೆಯೇ ನುಂಗಿಕೊಂಡು ಕೂತಿದ್ದಳು. ತಾನು ಅದನ್ನು ಮೆಚ್ಚುಗೆ ಎಂದುಕೊಂಡಿದ್ದ. ಅವನಿಗೆ ಬಹಳ ನಾಚಿಕೆಯಾಯಿತು.

ಹಿಂದಿರುಗುವಾಗ ಗಂಡನ ಮೇಲೆ ಕರುಣೆ ಬಂದು ಅವಳು ಕಾರನ್ನು ನಿಧಾನ ಮಾಡಿದಳು. ಕೆಂಪು ಕಾರಿಗೆ ಅದು ಒಗ್ಗಲಿಲ್ಲ. ಗುರುಗುಟ್ಟಿತು. ಮುಗ್ಗರಿಸಿತು. ನಿಲ್ಲಿಸಿದಲ್ಲಿ ನಿಲ್ಲಲಾರದೆ ನಡುಗಿತು. ಓಡಿದರೆ ಸರಿ, ಇಲ್ಲದಿದ್ದರೆ ಜಗಳ.

ಗುರುಗಳ ಕತೆ ಇಲ್ಲಿಗೆ ಬಂದಿತ್ತು. ನಿಜಗುಣನಿಗೆ ತಡೆಯಲಾಗಲಿಲ್ಲ.

“ತಿಳಿಯಿತು, ಗುರುಗಳೇ. ಅವನು ಎರಡನ್ನೂ ಹಿಂದಿರುಗಿಸಿದ. ಒಂದು ಸಾದಾ ಕಾರು ಕೊಂಡ. ವೇಗದಿಂದ ಸುಖವಿಲ್ಲ ಎಂಬುದು ಇದರ ತಾತ್ಪರ್ಯ.”

“ಇಲ್ಲ,” ಎಂದರು ಗುರುಗಳು. “ಇನ್ನೂ ಒಂದು ಕಾರು ಉಳಿದಿದೆಯಲ್ಲ, ಅದನ್ನು ಓಡಿಸಲು ಬಿಡುತ್ತೀಯೋ?”

ಗುರುಗಳು ಮುಂದುವರಿಸಿದರು.

ಮಧ್ಯಾಹ್ನದ ಮೇಲೆ ಅವಳು ಬೂದು ಕಾರನ್ನು ತೆಗೆದಳು. ಹೆದ್ದಾರಿಯಲ್ಲಿ ಅದೂ ಹಾಗೆಯೇ ಓಡಿತು. ವ್ಯಾಪಾರಿಯ ಕಾಲು ಮತ್ತೆ ನೆಲ ಒತ್ತಿತು. ಇದೂ ಅದೇ ಜಾತಿ ಎಂದುಕೊಂಡ. ಹೆದ್ದಾರಿ ಬಿಟ್ಟು ಪಟ್ಟಣಕ್ಕೆ ಹೋಗುವ ಹಳ್ಳಿಯ ರಸ್ತೆಗೆ ತಿರುಗಿದರು. ಅಲ್ಲಿ ಎದುರಿಗೆ ಕುರಿಯ ಹಿಂಡು. ರಸ್ತೆ ತುಂಬ ಕುರಿ. ಕುರುಬ ಹಿಂದಿನಿಂದ ಒಂದು ಸಲ ತಿರುಗಿ ನೋಡಿ, ತನ್ನ ಪಾಡಿಗೆ ತಾನು ನಡೆದ. ಅವಳು ಕಾಲು ತೆಗೆದಳು.

ಅಷ್ಟು ಹೊತ್ತು ಗರ್ಜಿಸುತ್ತಿದ್ದ ಕಾರು ತಣ್ಣಗಾಯಿತು. ಮುಗ್ಗರಿಸಲಿಲ್ಲ, ಗುರುಗುಟ್ಟಲಿಲ್ಲ. ಕುರಿ ನಡೆದರೆ ನಡೆಯಿತು, ಕುರಿ ನಿಂತರೆ ನಿಂತಿತು. ಒಳಗೆ ಅದೇ ಎಂಜಿನ್, ಅದೇ ಬಲ, ಒಂದು ಗುಂಜಿಯೂ ಕಡಿಮೆಯಾಗಿರಲಿಲ್ಲ. ಕಾರನ್ನು ಓಡುವ ಹಾಗೆ ಮಾಡುವವರು ಬಹಳ ಜನ ಇದ್ದಾರೆ, ನಿಜಗುಣ. ಅಷ್ಟು ಓಡಬಲ್ಲದ್ದನ್ನು ಕುರಿಯ ಹಿಂದೆ ಸಮಾಧಾನದಿಂದ ನಡೆಯುವ ಹಾಗೆ ಮಾಡಿದ್ದಾರಲ್ಲ, ಆ ಕೈಗಳಿಗೆ ನಾನು ಕೂತಲ್ಲಿಂದಲೇ ನಮಸ್ಕಾರ ಮಾಡುತ್ತೇನೆ.

ಹಿಂಡು ಹೊಲಕ್ಕೆ ಇಳಿಯುವಷ್ಟರಲ್ಲಿ ವ್ಯಾಪಾರಿ ಪಕ್ಕದ ಮಳಿಗೆಯ ವಿಷಯ ಹೇಳುತ್ತಿದ್ದ. ಯಾವಾಗ ಶುರು ಮಾಡಿದನೋ ಅವನಿಗೇ ತಿಳಿಯದು. ಅವಳು ಕೇಳಿದಳು, ಬಾಗಿಲು ಯಾವ ದಿಕ್ಕಿಗಿದೆ ಎಂದು ವಿಚಾರಿಸಿದಳು, ಮಳೆಗಾಲದಲ್ಲಿ ಆ ಗೋಡೆ ಸೋರುತ್ತದೆ ಎಂದಳು. ವ್ಯಾಪಾರಿಗೆ ಅದು ಗೊತ್ತೇ ಇರಲಿಲ್ಲ. ಮಾತಾಡುತ್ತ ಮಾತಾಡುತ್ತ ಪಟ್ಟಣ ಬಂತು. ಕಾರು ನಿಂತಾಗ ಅವನು ಹಿಗ್ಗಿ ಹೋಗಿದ್ದ.

“ಇದ ಇರ್ಲಿ,” ಎಂದ.

“ಗಾಡಿ ಚಲೋ ಐತ್ರಿ. ಆದ್ರ ನಾಳಿಂದ ಹೊಡಿಯವ್ರು ನೀವ ಅಲ್ಲೇನ್ರಿ?”

ವ್ಯಾಪಾರಿ ಇಳಿದು ಕಾರನ್ನು ಒಂದು ಸುತ್ತು ಹಾಕಿ ನೋಡಿದ. ಕುರಿಯ ಹಿಂದೆ ನಡೆಯಲು ಬರುವ ಈ ಕಾರನ್ನು ತಾನೂ ಇಷ್ಟು ದಿನ ಓಡಿಸಿದ್ದ. ತನ್ನ ಕೈಯಲ್ಲಿ ಅದಕ್ಕೂ ಓಟ ಬಿಟ್ಟು ಬೇರೆ ಗತಿಯಿರಲಿಲ್ಲ.

ಸೋಮವಾರ ಬೆಳಿಗ್ಗೆ ಅವಳು ಬುತ್ತಿ ಹಿಡಿದು ಹೊರಗೆ ಬಂದಳು. ಬಸ್ ನಿಲ್ದಾಣ ಬಲಕ್ಕೆ, ಕಾರು ಎಡಕ್ಕೆ. ಅವಳು ನಡುವೆ ನಿಂತಳು. ವ್ಯಾಪಾರಿ ಇಳಿದು ಬಂದು ಎಡಗಡೆಯ ಬಾಗಿಲು ತೆರೆದು ಹಿಡಿದ. ಬಾ ಎನ್ನಲಿಲ್ಲ. ಹಾಗೆ ಓಡಿಸುವುದಿಲ್ಲ ಎಂದು ಆಣೆಯನ್ನೂ ಮಾಡಲಿಲ್ಲ. ಅವಳು ಅವನ ಮುಖ ನೋಡಿ, ಒಳಗೆ ಕೂತಳು.

ಹೆದ್ದಾರಿಯಲ್ಲಿ ಅವನು ಕಾರನ್ನು ಸಮನಾಗಿ ಬಿಟ್ಟ. ಎರಡು ಲಾರಿಗಳು ಅವನನ್ನು ಹಿಂದೆ ಹಾಕಿ ಹೋದವು. ಒಂದು ಹಾಲಿನ ವ್ಯಾನೂ ಹೋಯಿತು. ಸ್ಪೋರ್ಟ್ಸ್ ಕಾರನ್ನು ಹಿಂದೆ ಹಾಕಿದೆ ಎಂದು ವ್ಯಾನಿನವನು ಹಾರ್ನ್ ಹೊಡೆದು ಹಲ್ಲು ಕಿರಿದ. ವ್ಯಾಪಾರಿಯ ಕಿವಿ ಬಿಸಿಯಾಯಿತು, ಕಾಲು ಮಾತ್ರ ಅಲುಗಲಿಲ್ಲ. ಸ್ವಲ್ಪ ದೂರ ಹೋದ ಮೇಲೆ ಪಕ್ಕದಿಂದ ದನಿ ಕೇಳಿತು. ಹಿತ್ತಾಳೆಯ ಹಂಡೆಗಳನ್ನು ಯಾರೂ ಕೇಳುತ್ತಿಲ್ಲ, ಆ ಮೂಲೆಯಿಂದ ತೆಗೆದು ಮುಂದೆ ಇಡಬೇಕು ಎನ್ನುತ್ತಿದ್ದಳು. ವ್ಯಾಪಾರಿಯ ಕಣ್ಣು ತುಂಬಿ ಬಂತು. ಹಂಡೆಯ ಮಾತಿಗೆ ಕಣ್ಣೀರು ಹಾಕಿದವನು ಅವನೊಬ್ಬನೇ ಇರಬೇಕು. ಹೂಂ ಎಂದ.

ಸಂಜೆ ಹಿಂದಿರುಗುವಾಗ ಮಾತೆಲ್ಲ ಮುಗಿದಿತ್ತು. ಹೆದ್ದಾರಿ ಖಾಲಿಯಿತ್ತು. ಅವಳು ಸೆರಗು ಸಿಕ್ಕಿಸಿಕೊಂಡು ನೆಟ್ಟಗೆ ಕೂತಳು.

“ಈಗ ಬಿಡ್ರಿ. ಎಷ್ಟ ಓಡತೈತಿ ನೋಡೇ ಬಿಡೋಣು.”

ಅವನು ಬಿಟ್ಟ. ಕಾರು ಹಾರಿತು. ಅವಳು ಬಾಯಿ ತುಂಬ ನಕ್ಕಳು. ಆ ಕಾರು ಅಷ್ಟು ಚೆನ್ನಾಗಿ ಓಡಿದ್ದನ್ನು ವ್ಯಾಪಾರಿ ಅದುವರೆಗೆ ಕಂಡಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ನಿಜಗುಣನ ಮುಖ ಬೆಳಗಿತ್ತು. ಬೆಳಗಿನಿಂದ ಎದೆಯ ಮೇಲಿದ್ದ ಭಾರ ಇಳಿದಂತಾಗಿ, ಅವನು ಎದ್ದೇ ನಿಂತ.

“ಸ್ಪಷ್ಟವಾಯಿತು, ಗುರುಗಳೇ. ನಾನು ಗದಿಗೆಯ್ಯನಿಗೆ ಮಾತಾಡಲು ಬಿಡಲಿಲ್ಲ. ನನ್ನ ಬುದ್ಧಿಯ ಜೊತೆ ಓಡಲಾರದೆ ಅವನಿಗೆ ಸಾಕಾಯಿತು. ಅದಕ್ಕೇ ಹಾಸಿಗೆ ಎತ್ತಿಕೊಂಡು ಹೋದ. ಈಗಲೇ ಹೋಗಿ ಕರೆದುಕೊಂಡು ಬರುತ್ತೇನೆ.”

ಅವನು ಬಾಗಿಲವರೆಗೆ ಹೋಗಿದ್ದ. ಗುರುಗಳು ಕೂತಲ್ಲಿಂದಲೇ ಕೇಳಿದರು.

“ಹಾಗೆಂದು ಅವನು ಹೇಳಿದನೋ, ಇದನ್ನೂ ಅವನ ಪರವಾಗಿ ನೀನೇ ಹೇಳಿ ಮುಗಿಸಿದೆಯೋ?”

ನಿಜಗುಣ ಹೊಸ್ತಿಲಲ್ಲಿ ನಿಂತುಬಿಟ್ಟ.