ಸೀಸದ ದೀಪದ ಸಾಕ್ಷಿ

ವಿದ್ಯಾರ್ಥಿನಿಲಯದ ಅಡುಗೆಮನೆಗೆ ಹೋಗಬೇಕಿದ್ದ ತಾಮ್ರದ ಪಾತ್ರೆಯೊಂದು ಹೊಸ ಕಲಾಯಿಯಲ್ಲಿ ಥಳಥಳಿಸುತ್ತ, ಹುಳಿಗೆ ಲೋಹ ಬಿಡುತ್ತದೆಯೇ ಎಂಬ ಪರೀಕ್ಷೆಗೆ ಪ್ರಯೋಗಾಲಯಕ್ಕೆ ಬಂದಿತು. ಅದರಲ್ಲಿ ಕುದಿಸಿದ ಹುಣಸೆನೀರನ್ನು ಉರಿಯೊಳಗೆ ಸಿಂಪಡಿಸಿ, ಆ ಉರಿಯ ಮೂಲಕ ದೀಪದ ಬೆಳಕು ಹಾಯಿಸುವುದು ಅಲ್ಲಿನ ಕ್ರಮ. ಒಂದೊಂದು ಲೋಹಕ್ಕೂ ಅದರದೇ ದೀಪ. ಉರಿಯಲ್ಲಿ ತನ್ನ ಲೋಹವಿದ್ದರೆ ಮಾತ್ರ ದೀಪದ ಬೆಳಕು ಕುಂದುತ್ತದೆ.

ಮೊದಲು ತಾಮ್ರದ ದೀಪ ಬೆಳಗಿತು. "ನನ್ನ ಬೆಳಕು ಒಂದಿಷ್ಟೂ ಕುಂದಲಿಲ್ಲ. ನೀರಿಗೆ ತಾಮ್ರ ಇಳಿದಿಲ್ಲ," ಎಂದಿತು.

"ಗೆದ್ದೆ!" ಪಾತ್ರೆ ಕುಣಿಯಿತು. "ಬೇಗ ಕಳುಹಿಸಿ, ಮಕ್ಕಳು ಸಾರಿಗೆ ಕಾಯುತ್ತಿದ್ದಾರೆ!"

"ತಾಳು ತಂಗಿ, ನಾನಿನ್ನೂ ನೋಡಿಲ್ಲ," ಎಂದಿತು ಸೀಸದ ದೀಪ.

"ನೀವೇಕೆ ಅಕ್ಕ? ನಾನು ತಾಮ್ರ, ಮೈಮೇಲಿನ ಕಲಾಯಿ ತವರ. ಸೀಸಕ್ಕೂ ನನಗೂ ಎಲ್ಲಿಯ ನಂಟು?"

"ನಂಟಿಲ್ಲದಿದ್ದರೆ ಅಂಜಿಕೆ ಯಾಕಮ್ಮ?"

ಹುಣಸೆನೀರು ಮತ್ತೆ ಉರಿಗೆ ಹಾರಿತು. ಸೀಸದ ದೀಪದ ಬೆಳಕು ಅರ್ಧಕ್ಕಿಳಿಯಿತು.

"ಸಿಕ್ಕಿತು! ತವರದ ಹೆಸರು ಹೇಳಿಕೊಂಡು ನಮ್ಮವನೇ ನಿನ್ನ ಮೈಮೇಲೆ ಕುಳಿತಿದ್ದಾನೆ!"

ಪಾತ್ರೆ ಪಿಸುಗುಟ್ಟಿತು: "ಕಲಾಯಿಯವನು ತವರಕ್ಕೆ ಸೀಸ ಬೆರೆಸಿಬಿಟ್ಟ. ನಿಮ್ಮವನೇ ಅಲ್ಲವೇ ಅಕ್ಕ, ಮುಚ್ಚಿಟ್ಟುಬಿಡಿ."

"ನಮ್ಮವನಾದ್ದರಿಂದಲೇ ಅವನ ವಿಷ ನನಗೆ ಗೊತ್ತು. ಬೇರೆ ದೀಪಗಳಿಗೆ ಅವನು ಕಾಣುವುದಿಲ್ಲ. ನಾನೂ ಮುಚ್ಚಿಟ್ಟರೆ ಆ ಮಕ್ಕಳಿಗೆ ಯಾರು ಹೇಳುತ್ತಾರೆ?"

ಅಂದಿನ ಸಾರು ಸ್ಟೀಲ್ ಪಾತ್ರೆಯಲ್ಲಿ ಕುದಿಯಿತು. ತಾಮ್ರದ ಪಾತ್ರೆ ಕಲಾಯಿ ಕೆರೆಸಿಕೊಳ್ಳಲು ಹೊರಟಿತು.